ಹನ್ನೊಂದು ಸಾಲಿನ ಪಟ್ಟಿ ಹತ್ತಾದದ್ದು

ನನ್ನ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇದೆ. ಅದರಲ್ಲಿ ಇರುವುದು ಸೂರ್ಯಗ್ರಹಣಗಳ ಲೆಕ್ಕ ಮಾತ್ರ. ಪುಟಕ್ಕೆ ಐದು ಕಾಲಂ: ತಾರೀಖು, ಸ್ಥಳ, ಹೊತ್ತು, ಕಂಡದ್ದು, ಅಡ್ಡಿ. ಗ್ರಹಣ ಪೂರ್ತಿ ಕಾಣದಂತೆ ತಡೆದದ್ದು ಯಾವುದು ಎಂದು ಕೊನೆಯ ಕಾಲಂನಲ್ಲಿ ಬರೆಯುತ್ತೇನೆ. 2010ರಿಂದ ಇಲ್ಲಿಯವರೆಗೆ ನಾನು ಕಂಡ ಗ್ರಹಣಗಳು ಐದು. ಐದೂ ಪಾರ್ಶ್ವ ಗ್ರಹಣಗಳೇ. ಪೂರ್ಣ ಗ್ರಹಣ, ಸೊನ್ನೆ. ಅಡ್ಡಿಯ ಕಾಲಂನಲ್ಲಿ ಮೋಡ ಎರಡು ಸಲ, ಎದುರು ಮನೆಯ ನೀರಿನ ಟ್ಯಾಂಕು ಒಂದು ಸಲ, ಸೂರ್ಯಾಸ್ತ ಒಂದು ಸಲ, ಅಜ್ಜಿ ಒಂದು ಸಲ ಬಂದಿದ್ದಾರೆ.

ಆರನೆಯ ಸಾಲೂ ಒಂದಿದೆ. ಅದು ನನ್ನದಲ್ಲ, ಚಿಕ್ಕಮ್ಮನ ಮಗಳದು.

ಚೆನ್ನೈಯ ವಡಪಳನಿಯಲ್ಲಿ ನಮ್ಮದೆಲ್ಲ ಒಂದೇ ಕಟ್ಟಡ. ಕೆಳಗೆ ಅಜ್ಜಿ ಮತ್ತು ಚಿಕ್ಕಮ್ಮನ ಸಂಸಾರ, ಮೇಲೆ ನಾವು. ನಾನು ಅವಳಿಗಿಂತ ಹನ್ನೊಂದು ತಿಂಗಳು ದೊಡ್ಡವಳು. ಅಜ್ಜಿ ಹಟ ಹಿಡಿದು ಅವಳ ಬಾಯಲ್ಲಿ ‘ಅಕ್ಕ’ ಎನ್ನಿಸಿದರು. ಆ ಒಂದು ಪದ ಬಿಟ್ಟರೆ ಹನ್ನೊಂದು ತಿಂಗಳ ಹಿರಿತನದಿಂದ ನನಗೆ ಏನಾದರೂ ಲಾಭವಾದ ದಾಖಲೆ ನನ್ನ ಯಾವ ಡೈರಿಯಲ್ಲೂ ಇಲ್ಲ.

ಮೊದಲ ಸಾಲಿನಿಂದಲೇ ಹೇಳುತ್ತೇನೆ. 2010ರ ಜನವರಿ 15, ಶುಕ್ರವಾರ, ಸಂಕ್ರಾಂತಿಯ ಮರುದಿನ. ನನಗೆ ಹತ್ತು ವರ್ಷ. ಗ್ರಹಣ ಅವಳ ನಕ್ಷತ್ರಕ್ಕೆ ಹಿಡಿಯುತ್ತದೆಂದು ಅಜ್ಜಿ ಓಲೆಗರಿಯ ಮೇಲೆ ಶ್ಲೋಕ ಬರೆಸಿ ತಂದು ಅವಳ ಹಣೆಗೆ ಅರಿಶಿನದ ದಾರದಲ್ಲಿ ಪಟ್ಟ ಕಟ್ಟಿದರು. ಅದು ಕಿರೀಟದ ಹಾಗೆ ಕಾಣುತ್ತಿತ್ತು.

“ನನಗೂ ಕಟ್ಟಿ ಅಜ್ಜಿ.”

“ನಿನ್ನ ನಕ್ಷತ್ರಕ್ಕೆ ಯಾವ ದೋಷವೂ ಇಲ್ಲ, ಹೋಗು, ಸಂತೋಷ ಪಡು.”

ಸಂತೋಷ ಆಗಲಿಲ್ಲ. ದೋಷ ಇದ್ದವಳು ಗ್ರಹಣ ನೋಡಬಾರದೆಂದು ಅವಳನ್ನು ದೇವರ ಮನೆಯಲ್ಲಿ ಕೂರಿಸಿದರು. ನಾನು ಅಪ್ಪನ ಹಳೆಯ ಎಕ್ಸ್‌ರೇ ಫಿಲ್ಮ್ ಹಿಡಿದು ತಾರಸಿಗೆ ಓಡಿದೆ. ಅದರಲ್ಲಿ ನೋಡುವುದು ಕಣ್ಣಿಗೆ ಅಪಾಯ ಎಂದು ಆಗ ಗೊತ್ತಿರಲಿಲ್ಲ. ಗ್ರಹಣದ ಗರಿಷ್ಠ ಹೊತ್ತು ಮಧ್ಯಾಹ್ನ ಒಂದೂವರೆ. ಒಂದು ಇಪ್ಪತ್ತಕ್ಕೆ ಅಜ್ಜಿ ಮೇಲೆ ಬಂದು ನನ್ನ ಕೈ ಹಿಡಿದು ಒಳಕ್ಕೆ ಎಳೆದುಕೊಂಡು ಹೋದರು. ಕೆಳಗೆ ದೇವರ ಮನೆಯಲ್ಲಿ ಅವಳು ಪಟ್ಟ ಕಟ್ಟಿಕೊಂಡು ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಗವಾಕ್ಷಿಗೆ ಹೊಡೆದಿದ್ದ ತಗಡಿನಲ್ಲಿ ಒಂದು ಮೊಳೆಯ ತೂತಿತ್ತು. ಅದರಿಂದ ಬಿದ್ದ ಬಿಸಿಲು ಅವಳ ಮುಂದೆ ನೆಲದ ಮೇಲೆ ಹೊಳೆಯುತ್ತಿತ್ತು.

“ಅಕ್ಕಾ, ನೋಡೇ, ನೆಲದ ಮೇಲೆ ಬಾಳೆಹಣ್ಣು!”

ನಾನು ಬಾಗುವಷ್ಟರಲ್ಲಿ ಅಜ್ಜಿ ತಗಡಿನ ತೂತಿಗೆ ಬಟ್ಟೆ ತುರುಕಿದರು. ನೋಡಬಾರದೆಂದು ಕೂರಿಸಿದವಳು ಗರಿಷ್ಠ ಗ್ರಹಣದ ಬಿಂಬವನ್ನು ಕೂತಲ್ಲೇ ನೋಡಿದಳು. ಅವತ್ತು ಸಂಜೆ ನಾನು ಈ ನೋಟ್‌ಬುಕ್ ಶುರು ಮಾಡಿದೆ.

2016ರದು ಬೆಳಗಿನ ಗ್ರಹಣ. ಟ್ಯಾಂಕಿನ ಹಿಂದಿನಿಂದ ಸೂರ್ಯ ಮೇಲೆ ಬರುವಷ್ಟರಲ್ಲಿ ಸ್ವಲ್ಪ ಕಚ್ಚಿದ ಹಾಗಿತ್ತು, ಅಷ್ಟೆ. 2019ರ ಡಿಸೆಂಬರ್ 26ಕ್ಕೆ ನಾನು ಆರು ತಿಂಗಳ ಮುಂಚೆಯೇ ತಯಾರಾಗಿದ್ದೆ. ದಿಂಡಿಗಲ್ ಕಡೆ ಹೋದರೆ ಸೂರ್ಯ ಉಂಗುರವಾಗಿ ಕಾಣುತ್ತಾನೆ, ಚೆನ್ನೈಯಲ್ಲಿ ಕಾಣುವುದಿಲ್ಲ. ಹೋಗಬೇಕೆಂದು ಮನೆಯಲ್ಲಿ ನಾಲ್ಕು ಸಲ ಕೇಳಿದೆ. ನಾಲ್ಕು ಸಲವೂ “ಪರೀಕ್ಷೆ ಹತ್ತಿರ ಇದೆ” ಎಂದರು. ತಾರಸಿಯ ಮೇಲೆ, ರಟ್ಟಿನ ಗ್ರಹಣದ ಕನ್ನಡಕ ಹಾಕಿಕೊಂಡು, ಮೋಡದ ನಡುವೆ ಹರಿದ ಚೂರುಗಳಲ್ಲಿ ನೋಡಿದೆ. ಅವಳ ಅಪ್ಪ, ನನ್ನ ಚಿಕ್ಕಪ್ಪ, ಸಿನಿಮಾಗಳಿಗೆ ಸೌಂಡ್ ಕೆಲಸ ಮಾಡುವವರು. ರಜೆ ಎಂದು ಮಗಳನ್ನೂ ಶೂಟಿಂಗಿಗೆ ಕರೆದುಕೊಂಡು ಹೋಗಿದ್ದರು. ಎಲ್ಲಿಗೆ? ದಿಂಡಿಗಲ್ಲಿಗೆ. ಹತ್ತು ಗಂಟೆಗೆ ಫೋನು ಬಂತು.

“ಅಕ್ಕಾ, ಇಲ್ಲಿ ಲೈಟು ಏನೋ ಥರ ಆಯ್ತು ಅಂತ ಶಾಟ್ ನಿಲ್ಲಿಸಿದ್ರು. ಲೈಟ್‌ಮ್ಯಾನ್ ಅಣ್ಣ ಒಂದು ವೆಲ್ಡಿಂಗ್ ಗಾಜು ಕೊಟ್ರು. ಬಳೆ ಕಣೇ, ಬಳೆ! ನಿನಗೆ ಗೊತ್ತಿತ್ತಾ ಇದು?”

ಗೊತ್ತಿತ್ತಾ ಎಂದು ಕೇಳಿದಳು. ಆ ವಾಕ್ಯವನ್ನು ಡೈರಿಯಲ್ಲಿ ಹಾಗೇ ಬರೆದಿಟ್ಟಿದ್ದೇನೆ.

ಓದು ಮುಗಿದ ಮೇಲೆ ಅವಳು ಚಿಕ್ಕಪ್ಪನ ಕೆಲಸಕ್ಕೇ ಸೇರಿದಳು. ನಾನು ಗಿಂಡಿಯ ಒಂದು ಕಾರ್ಖಾನೆಗೆ ಸೇರಿದೆ. ಅಲ್ಲಿ ನನ್ನ ಕೆಲಸ, ಯಂತ್ರದ ಮುಂದೆ ನಿಲ್ಲುವವರಿಗೆ ಕ್ರಮದ ಹಾಳೆ ಬರೆಯುವುದು. ಒಂದು, ಎರಡು, ಮೂರು ಎಂದು ಸಾಲಾಗಿ, ಯಾವುದಾದ ಮೇಲೆ ಯಾವುದು ಎಂದು. ಮೊದಲು ಕರಡು ಬರೆಯಬೇಕು, ಒಂದು ಸಲ ಮಾಡಿ ನೋಡಬೇಕು, ಆಮೇಲೆ ಚೊಕ್ಕ ಪ್ರತಿ. ಹಾಳೆಯಲ್ಲಿ ಇಲ್ಲದ್ದನ್ನು ಯಾರೂ ಮಾಡಕೂಡದು. ಸೇರಿದ ಮೊದಲ ದಿನವೇ ನನ್ನ ಮೇಲಿನವರು ಹೇಳಿದ್ದರು: “ಹಾಳೆಯಲ್ಲಿ ಬಿಟ್ಟರೆ ಅದು ಪ್ರಪಂಚದಲ್ಲೇ ಇಲ್ಲ ಅಂತ ತಿಳ್ಕೋಮ್ಮ.”

ಮನೆಯಲ್ಲೂ ನನ್ನ ಪಟ್ಟಿಗಳಿಗೆ ಬೆಲೆ ಇತ್ತು, ಅದರಲ್ಲೂ ಅವಳ ಹತ್ತಿರ. ಒಮ್ಮೆ ಅವಳ ಪರೀಕ್ಷೆಯ ದಿನ ನಾನು ಬರೆದುಕೊಟ್ಟ ಪಟ್ಟಿಯ ಐದನೇ ಸಾಲನ್ನು ಓದದೆ ಹೋಗಿ, ಹಾಲ್ ಟಿಕೆಟ್ ಮನೆಯಲ್ಲೇ ಬಿಟ್ಟು, ಗೇಟಿನ ಹತ್ತಿರ ನಿಂತು ಅತ್ತಿದ್ದಳು. ಆವತ್ತಿನಿಂದ ನನ್ನ ಪಟ್ಟಿ ಎಂದರೆ ಅಕ್ಷರ ಅಕ್ಷರ ಪಾಲಿಸುತ್ತಿದ್ದಳು. “ಅಕ್ಕ ಬರೆದಳು ಅಂದ್ರೆ ಮುಗೀತು” ಎನ್ನುವುದು ಅವಳ ಮಾತು.

2024ರ ಮಾರ್ಚ್ 17, ಭಾನುವಾರ. ತಾರಸಿಯಲ್ಲಿ ಬಟ್ಟೆ ಒಣಗಿಹಾಕುತ್ತಿದ್ದೆ. ಅವಳು ಕುಣಿದುಕೊಂಡು ಮೇಲೆ ಬಂದಳು.

“ಅಕ್ಕಾ, ಅಮೆರಿಕಾ! ಸಂಗೀತ ಕಚೇರಿ ಟ್ರೂಪ್ ಜೊತೆ. ಸೌಂಡ್ ನೋಡ್ಕೊಳ್ಳೋಕೆ ನಾನೇ. ಎರಡು ವಾರ.”

“ಯಾವಾಗ?”

“ಏಪ್ರಿಲ್ ಮೂರಕ್ಕೆ ಫ್ಲೈಟು.”

ಕೈಯಲ್ಲಿದ್ದ ಕ್ಲಿಪ್ಪನ್ನು ಹಗ್ಗಕ್ಕೆ ಹಾಕಿ ಕೇಳಿದೆ. “ಎಂಟನೇ ತಾರೀಖು ಎಲ್ಲಿರ್ತೀಯ?”

“ಡಲ್ಲಾಸ್. ಆವತ್ತು ಪ್ರೋಗ್ರಾಂ ಇಲ್ಲ, ಬಿಡುವು. ಯಾಕೆ?”

ಆ ತಾರೀಖು ನಾಲ್ಕು ವರ್ಷದಿಂದ ನನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿತ್ತು. ಪೂರ್ಣ ಗ್ರಹಣ. ಡಲ್ಲಾಸಿನಲ್ಲಿ ಮಧ್ಯಾಹ್ನ 1.40ಕ್ಕೆ, ಮೂರು ನಿಮಿಷ ಐವತ್ತೊಂದು ಸೆಕೆಂಡು. ಅದರ ಪಕ್ಕದಲ್ಲಿ ‘ನನಗಲ್ಲ’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೆ.

“ಓ, ಗ್ರಹಣಾನಾ! ಅದಕ್ಕೇ ಆ ದಿನ ಬಿಡುವು ಕೊಟ್ಟಿರೋದು ಅನ್ಸುತ್ತೆ. ಪೋಡೀ, ಹೋಗೇ, ನಂಗೇನು ಗೊತ್ತು ಇದೆಲ್ಲ. ನೀನು ಪಟ್ಟಿ ಬರ್ದುಕೊಡು, ನಾನು ಹಾಗೇ ನೋಡ್ಕೊಂಡು ಬಂದು ನಿಂಗೆ ಹೇಳ್ತೀನಿ.”

ಬಂದು ನನಗೆ ಹೇಳುತ್ತಾಳಂತೆ. ಬಕೆಟ್ಟಿನಲ್ಲಿ ಇನ್ನೂ ಏಳು ಬಟ್ಟೆ ಇದ್ದವು, ಅಷ್ಟನ್ನೂ ಒಣಗಿಹಾಕಿಯೇ ಕೆಳಗೆ ಇಳಿದೆ.

ಹದಿಮೂರು ದಿನ ಪಟ್ಟಿ ಬರೆಯಲಿಲ್ಲ. ಬೆಳಿಗ್ಗೆ ಮೆಟ್ರೋದಲ್ಲಿ ಆಲಂದೂರಿನಲ್ಲಿ ಇಳಿದು ಗಿಂಡಿಯ ಗಾಡಿಗೆ ಕಾಯುವಾಗಲೆಲ್ಲ ಅದೇ ಲೆಕ್ಕ. ಗ್ರಹಣದ ಬಗ್ಗೆ ನಾನು ಓದಿದ ಪುಸ್ತಕಗಳು ಹದಿನೇಳು, ಅವಳು ಓದಿದ್ದು ಸೊನ್ನೆ. ನನ್ನ ಪಾಸ್‌ಪೋರ್ಟಿನಲ್ಲಿ ಖಾಲಿ ಪುಟ ಮೂವತ್ತಾರು. ಅವಳ ಪಾಸ್‌ಪೋರ್ಟ್ ಮಾಡಿಸುವಾಗ ಅರ್ಜಿ ತುಂಬಿದ್ದು ಯಾರು? ನಾನು.

ಮಾರ್ಚ್ 30, ಶನಿವಾರ, ಮಧ್ಯಾಹ್ನ. ಕೆಳಗಿನ ಮನೆಯ ಹಜಾರದಲ್ಲಿ ಕೂತೆ. ಡೈರಿಯಲ್ಲಿ ಅವತ್ತು ಬೆಳಿಗ್ಗೆ ಬರೆದ ಕರಡು ಇತ್ತು, ಹನ್ನೊಂದು ಸಾಲು. ಒಂದನೇ ಸಾಲು: ಯಾವ ಕಾರಣಕ್ಕೂ ಕನ್ನಡಕ ತೆಗೆಯಬೇಡ, ಅದರ ಕೆಳಗೆ ಎರಡು ಗೆರೆ. ನಾಲ್ಕನೇದು: ಮರದ ಕೆಳಗಿನ ನೆರಳು ನೋಡು, ಎಲೆಗಳ ಸಂದಿನಲ್ಲಿ ಸಣ್ಣ ಸಣ್ಣ ಸೂರ್ಯರು ಬಿದ್ದಿರುತ್ತಾರೆ. ಏಳನೇದು: ಸೂರ್ಯ ದಾರದಷ್ಟು ತೆಳ್ಳಗಾದಾಗ ಮಾತಾಡುವುದನ್ನು ನಿಲ್ಲಿಸು. ಎಂಟನೇದು: ಕೊನೆಯ ಮಿಂಚು ಆರಿದ ಕೂಡಲೇ ಕನ್ನಡಕ ತೆಗೆ. ಈಗ ಬರಿಗಣ್ಣಲ್ಲೇ ನೋಡಬೇಕು, ಕನ್ನಡಕದಲ್ಲಿ ಏನೂ ಕಾಣುವುದಿಲ್ಲ. ಮಿಂಚು ಮರಳಿದ ಕ್ಷಣ ಮತ್ತೆ ಹಾಕು.

ಚೊಕ್ಕ ಪ್ರತಿಗೆ ಒಂದರಿಂದ ಏಳರವರೆಗೆ ಇಳಿಸಿದೆ. ಅಜ್ಜಿ ಎದುರಿಗೆ ಕೂತು ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚುತ್ತಿದ್ದರು. ಅವಳ ಸೂಟ್‌ಕೇಸಿಗೆಂದು ಒಂದು ಹಿಡಿ ದರ್ಭೆಯನ್ನೂ ಪೇಪರಿನಲ್ಲಿ ಸುತ್ತಿಟ್ಟಿದ್ದರು. ನಮ್ಮೂರಲ್ಲಿ ಕಾಣದ ಗ್ರಹಣಕ್ಕೆ ನಮಗೆ ಆಚರಣೆ ಇಲ್ಲ, ಆದರೆ ಕಾಣುವ ಊರಿಗೆ ಹೋದವಳಿಗೆ ಉಂಟು ಎಂಬುದು ಅವರ ವಾದ.

“ಆ ಹುಡುಗಿಗೆ ನೋಡು,” ಎಂದರು, “ಬೇಡ ಅಂದ್ರೂ ಮಡಿಲಿಗೆ ಬಂದು ಬೀಳುತ್ತೆ. ನೀನು, ಪಾಪ, ಬರ್ಕೊಂಡೇ ಕೂತಿರ್ತೀಯ.”

ಪಾಪ ಎನ್ನಬಾರದಿತ್ತು.

ನಾನು ಕರಡಿನ ಎಂಟನೇ ಸಾಲನ್ನು ಬಿಟ್ಟು ಒಂಬತ್ತನೇದನ್ನು ಬರೆದೆ. ಅದಕ್ಕೆ ಎಂಟು ಎಂದು ಸಂಖ್ಯೆ ಹಾಕಿದೆ. ಹತ್ತನ್ನು ಒಂಬತ್ತು ಮಾಡಿದೆ, ಹನ್ನೊಂದನ್ನು ಹತ್ತು ಮಾಡಿದೆ. ಅವಳ ಕೈ ದುಡುಕು, ಕಣ್ಣಿನ ವಿಷಯ, ಅರ್ಧ ಸೆಕೆಂಡು ಹೆಚ್ಚುಕಡಿಮೆಯಾದರೆ ಏನು ಗತಿ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಆ ರಾತ್ರಿ ಡೈರಿಯಲ್ಲೂ ಹಾಗೇ ಬರೆದೆ. ಆದರೆ ಮರೆತು ಬಿಟ್ಟಿದ್ದರೆ ಏಳಾದ ಮೇಲೆ ಒಂಬತ್ತು ಇರಬೇಕಿತ್ತು. ಹಾಳೆ ಬರೆಯುವ ಕೆಲಸದವಳು ನಾನು, ಸಂಖ್ಯೆ ತಿದ್ದುವ ಕೈ ಮರೆತ ಕೈ ಅಲ್ಲ ಎಂದು ನನಗೆ ಚೆನ್ನಾಗಿ ಗೊತ್ತು.

ಹಾಳೆಯ ಜೊತೆ 2019ರ ನನ್ನ ಕನ್ನಡಕವನ್ನೂ ಕೊಟ್ಟೆ. ಗೀರು ಬಿದ್ದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿಯೇ ಕೊಟ್ಟೆ. ಅವಳ ಕಣ್ಣಿಗೆ ಏನೂ ಆಗಬಾರದಿತ್ತು. ಅವಳು ನೋಡಬಾರದಿತ್ತು, ಅಷ್ಟೆ.

ಏಪ್ರಿಲ್ 8ರ ರಾತ್ರಿ ಎಲ್ಲರೂ ಫೋನಿನಲ್ಲಿ ನೇರಪ್ರಸಾರ ನೋಡುತ್ತೇವೆ ಎಂದರು. ನಾನು ಒಂಬತ್ತೂವರೆಗೆ ಮಲಗಿಬಿಟ್ಟೆ. ಮರುದಿನ ಯುಗಾದಿ. ಬೆಳಿಗ್ಗೆ ಎಣ್ಣೆ ನೀರು ಹಾಕಿಕೊಂಡು ಬೇವುಬೆಲ್ಲ ಬಾಯಿಗೆ ಹಾಕುವಷ್ಟರಲ್ಲಿ ಅವಳ ಫೋನು. ಅಜ್ಜಿ ಸ್ಪೀಕರಿಗೆ ಹಾಕಿಸಿದರು.

“ಅಜ್ಜೀ, ಹಬ್ಬದ ನಮಸ್ಕಾರ! ಅಕ್ಕ ಇದಾಳಾ? ಅಕ್ಕಾ, ಕತ್ತಲಾಯ್ತು ಕಣೇ, ಸತ್ಯಮಾ, ಮಟಮಟ ಮಧ್ಯಾಹ್ನ! ತೋಳೆಲ್ಲ ಜುಮ್ ಅಂತು. ಬೀದಿ ದೀಪ ತಾವಾಗೇ ಹತ್ಕೊಂಡ್ವು.”

“ಸೂರ್ಯ?” ಎಂದೆ.

“ಸೂರ್ಯ ಏನೂ ಕಾಣ್ಲಿಲ್ಲಪ್ಪ. ದಾರದ ಥರ ಆಯ್ತು, ಆಮೇಲೆ ಕನ್ನಡಕದಲ್ಲಿ ಪೂರ್ತಿ ಕಪ್ಪು. ಪಕ್ಕದಲ್ಲಿ ನಮ್ಮ ಮೃದಂಗದ ಮಾಮ ‘ತೆಗಿ ತೆಗಿ’ ಅಂತ ಕೂಗ್ತಾನೇ ಇದ್ರು. ನಾನು ತೆಗೀಲಿಲ್ಲ. ಕನ್ನಡಕದ ಸಂದಿಯಲ್ಲಿ ನೋಡಿದ್ರೆ ಸುತ್ತ ಎಲ್ಲರೂ ತೆಗೆದುಬಿಟ್ಟಿದ್ರು, ಹುಚ್ಚರು. ನಾನೊಬ್ಬಳೇ ನಿನ್ನ ಪಟ್ಟಿ ಪ್ರಕಾರ!”

ಬಾಯಲ್ಲಿ ಬೇವು ಇತ್ತು. ನುಂಗಿದೆ. ನಾನು ಬಯಸಿದ್ದು ಬಯಸಿದ ಹಾಗೆಯೇ ಆಗಿತ್ತು. ಒಂದು ನಿಮಿಷ, ಸುಳ್ಳು ಹೇಳುವುದಿಲ್ಲ, ಹಗುರವಾಯಿತು. ಎರಡನೇ ನಿಮಿಷಕ್ಕೆ ಅವಳ ತೋಳಿನ ಜುಮ್ ನೆನಪಾಯಿತು. ನನ್ನ ತೋಳಿಗೆ ಅದು ಒಮ್ಮೆಯೂ ಆಗಿಲ್ಲ. ಕಣ್ಣು ಕಟ್ಟಿ ಕಳಿಸಿದರೂ ಅವಳು ಏನೋ ಒಂದನ್ನು ಹಿಡಿದುಕೊಂಡೇ ಬರುತ್ತಾಳೆ.

ಏಪ್ರಿಲ್ 17ಕ್ಕೆ ಬಂದಳು. ಎಲ್ಲರಿಗೂ ಚಾಕಲೇಟು. ನನ್ನನ್ನು ಮಾತ್ರ ತಾರಸಿಗೆ ಕರೆದುಕೊಂಡು ಹೋಗಿ ಅವಳ ದೊಡ್ಡ ಹೆಡ್‌ಫೋನನ್ನು ನನ್ನ ಕಿವಿಗೆ ಇಟ್ಟಳು.

“ನಿಂಗೇ ಅಂತ ರೆಕಾರ್ಡ್ ಮಾಡಿದ್ದು. ಎರಡು ಮೈಕು ಇಟ್ಟಿದ್ದೆ. ಕಣ್ಣಿಗೆ ಏನೂ ಸಿಗಲಿಲ್ಲ, ಕಿವಿಗಾದ್ರೂ ಇರ್ಲಿ.”

ಮೊದಲು ಮಕ್ಕಳ ಗಲಾಟೆ, ಯಾರದೋ ನಗು. ಆಮೇಲೆ ಹಕ್ಕಿಗಳು, ಸಂಜೆ ಮರಕ್ಕೆ ಮರಳುವ ಹಾಗೆ ಒಟ್ಟಿಗೆ ಗದ್ದಲ ಮಾಡುತ್ತವೆ. ಗದ್ದಲ ಏರುತ್ತದೆ. ಇದ್ದಕ್ಕಿದ್ದ ಹಾಗೆ ಹಕ್ಕಿಗಳು ನಿಲ್ಲುತ್ತವೆ, ಜನ ಒಮ್ಮೆಗೇ ‘ಓ’ ಎನ್ನುತ್ತಾರೆ. ಅಂಥ ‘ಓ’ ನಾನು ಯಾವ ಗುಂಪಿನಿಂದಲೂ ಕೇಳಿರಲಿಲ್ಲ. ಹುಳುಗಳು ಚಿರ್ ಎನ್ನಲು ಶುರು ಮಾಡುತ್ತವೆ. ಹತ್ತಿರದಿಂದ ಒಂದು ವಯಸ್ಸಾದ ಗಂಟಲು: “ಕಣ್ಣಾಡಿಯ ಕಳಟ್ಟುಮ್ಮಾ, ಕಳಟ್ಟು!” ಕನ್ನಡಕ ತೆಗಿಯಮ್ಮಾ, ತೆಗಿ. ಅದಕ್ಕೆ ಅವಳ ದನಿ, ಪೂರ್ತಿ ನಂಬಿಕೆಯಿಂದ: “ಅಕ್ಕಾ ಲಿಸ್ಟ್‌ಲ ಇಲ್ಲೆ ಮಾಮಾ.” ಅಕ್ಕನ ಪಟ್ಟಿಯಲ್ಲಿ ಇಲ್ಲ ಮಾಮ.

ಮೂರು ನಿಮಿಷ ಐವತ್ತೊಂದು ಸೆಕೆಂಡಿನಲ್ಲಿ ಆ ಮಾತನ್ನು ಎರಡು ಸಲ ಹೇಳಿದ್ದಾಳೆ. ನಾನು ಹೆಡ್‌ಫೋನ್ ತೆಗೆದು “ಚೆನ್ನಾಗಿದೆ” ಎಂದೆ.

ಆಮೇಲಿನ ಹದಿನೆಂಟು ದಿನದಲ್ಲಿ ಅವಳು ಈ ಕತೆಯನ್ನು ನನ್ನ ಎದುರಿಗೇ ಹದಿನಾಲ್ಕು ಸಲ ಹೇಳಿದಳು. ನೆಂಟರಿಗೆ, ಹಾಲಿನವರಿಗೆ, ಇಸ್ತ್ರಿ ಅಂಗಡಿಯವರಿಗೆ. ಪ್ರತಿ ಸಲವೂ ಕೊನೆಗೆ, “ಅಕ್ಕನ ಪಟ್ಟಿ ಇಲ್ದಿದ್ರೆ ನನ್ನ ಕಣ್ಣು ಹೋಗ್ತಿತ್ತು” ಎನ್ನುತ್ತಿದ್ದಳು. ಪ್ರತಿ ಸಲವೂ ನನ್ನ ಬೆನ್ನು ತಟ್ಟುತ್ತಿದ್ದಳು.

ಮೇ 5, ಭಾನುವಾರ ಬೆಳಿಗ್ಗೆ ಮೃದಂಗದ ಮಾಮ ಮನೆಗೆ ಬಂದರು. ಚಿಕ್ಕಪ್ಪನಿಗೆ ಏನೋ ಕೇಬಲ್ ಕೊಡುವುದಿತ್ತು. ಚಿಕ್ಕಪ್ಪ ಇರಲಿಲ್ಲ. ಅಜ್ಜಿ ಕಾಫಿ ಕೊಟ್ಟು ಕೂರಿಸಿದರು. ಮಾತು ಗ್ರಹಣಕ್ಕೆ ತಿರುಗಿತು. ಮಾಮ ಲೋಟ ಕೆಳಗಿಟ್ಟರು. ಅವರದು ತಮಿಳು ಬೆರೆಸಿದ ಕನ್ನಡ.

“ಅಮ್ಮಾ, ನಾನು ಹೇಳ್ತೀನಿ ಕೇಳಿ. ಆಕಾಶದಲ್ಲಿ ಒಂದು ಕಪ್ಪು ತೂತು. ಸುತ್ತ ಬಿಳೀ ಕೂದಲು ಬಿಚ್ಚಿ ಹರವಿದ ಹಾಗೆ. ಪಕ್ಕದಲ್ಲಿ ಶುಕ್ರ, ಹಗಲು ಹೊತ್ತಲ್ಲಿ! ನಂಗೆ ಅರವತ್ತೆಂಟು. ಇಷ್ಟು ವರ್ಷ ಏನ್ ನೋಡಿದೆನೋ, ಅದೆಲ್ಲ ಒಂದು ಕಡೆ. ಇವಳು ಮಾತ್ರ ಪಕ್ಕದಲ್ಲೇ ಕಣ್ಣು ಮುಚ್ಕೊಂಡು ನಿಂತಿದ್ಳು.”

“ಮುಚ್ಕೊಂಡಿರ್ಲಿಲ್ಲ ಮಾಮಾ! ಬುದ್ಧಿ ಇರೋರು ಮಾಡೋ ಹಾಗೆ ಮಾಡಿದೆ. ಕಣ್ಣು ಸುಟ್ಕೊಳ್ಳೋದು ನಿಮ್ಮಿಷ್ಟ.”

“ಪೂರ್ಣ ಆದ್ಮೇಲೆ ಸುಡಲ್ಲಮ್ಮಾ! ಅಲ್ಲಿ ಚಿಕ್ಕ ಮಗೂಗೂ ಗೊತ್ತಿತ್ತು.”

ಅವಳು ನನ್ನ ಕಡೆ ತಿರುಗಿದಳು. “ಅಕ್ಕಾ, ನೀನೇ ಹೇಳು ಇವ್ರಿಗೆ.”

ನಾನು ಮಾಮನ ಮಾತಿನ ಅಸೂಯೆಯಲ್ಲೇ ಇನ್ನೂ ಸಿಕ್ಕಿಕೊಂಡಿದ್ದೆ, ಬಿಳೀ ಕೂದಲು, ಶುಕ್ರ. ಬಾಯಿಗೆ ನಿಜವೇ ಬಂದುಬಿಟ್ಟಿತು.

“ಮಾಮ ಹೇಳೋದು ಸರಿ. ತೆಗೀಬೇಕಿತ್ತು.”

“ಹಾಂ? ನಿಂಗೆ ಗೊತ್ತಿರ್ಲಿಲ್ವಾ?”

ಗೊತ್ತಿರಲಿಲ್ಲ ಎನ್ನಬಹುದಿತ್ತು. ನಾನು ಕಂಡ ಐದೂ ಪಾರ್ಶ್ವ ಗ್ರಹಣಗಳು, ಅವುಗಳಲ್ಲಿ ಕನ್ನಡಕ ತೆಗೆಯುವ ಪ್ರಶ್ನೆಯೇ ಬರುವುದಿಲ್ಲ. ಎಲ್ಲರೂ ನಂಬುತ್ತಿದ್ದರು. ನಾನು ಟೀಪಾಯಿಯ ಮೇಲಿನ ಪೇಪರನ್ನು ಎತ್ತಿ ಮಡಿಸತೊಡಗಿದೆ. ಅಷ್ಟು ಸಾಕಾಯಿತು.

“ನೀನು ಕರಡು ಇಲ್ದೆ ಏನೂ ಬರೆಯಲ್ಲ,” ಎಂದಳು. ದನಿ ಬದಲಾಗಿತ್ತು. “ತಾ ಅದನ್ನ.”

ಮೇಲೆ ಹೋಗಿ ಡೈರಿ ತಂದೆ. ದಾರಿಯಲ್ಲಿ ಪುಟ ಹರಿಯಬಹುದಿತ್ತು, ಹರಿಯಲಿಲ್ಲ. ಡೈರಿಯ ಪುಟ ನಾನು ಯಾವತ್ತೂ ಹರಿದಿಲ್ಲ. ಅವಳು ತನ್ನ ಪರ್ಸಿನಿಂದ ನನ್ನ ಹಾಳೆ ತೆಗೆದಳು, ನಾಲ್ಕಾಗಿ ಮಡಿಸಿ ಇನ್ನೂ ಇಟ್ಟುಕೊಂಡಿದ್ದಳು. ಎರಡನ್ನೂ ಟೀಪಾಯಿಯ ಮೇಲೆ ಪಕ್ಕಪಕ್ಕ ಇಟ್ಟು ಬೆರಳಿಟ್ಟು ಓದಿದಳು. ಆರು. ಏಳು. ಬೆರಳು ನಿಂತಿತು.

“ಎಂಟು ಅಂತ ಬೇರೆ ನಂಬರು ಹಾಕಿದೀಯಲ್ಲೇ,” ಎಂದಳು ಮೆಲ್ಲಗೆ.

ಅಜ್ಜಿ, “ಏನಾಯ್ತೇ?” ಎಂದರು. ಮಾಮ ಅರ್ಥವಾದವರ ಹಾಗೆ ಲೋಟದ ಕಡೆ ನೋಡಿದರು. ಅವಳು ಅಳಲಿಲ್ಲ. ಮಾಮನ ಮುಖವನ್ನೇ ನೋಡುತ್ತಾ, “ಕೂದಲ ಥರ ಅಂದ್ರಲ್ಲ, ಎಷ್ಟು ಉದ್ದ ಇತ್ತು?” ಎಂದು ಕೇಳಿದಳು. ಆ ಪ್ರಶ್ನೆಯ ದನಿ ನನಗೆ ಚೆನ್ನಾಗಿ ಗೊತ್ತು. ದಿಂಡಿಗಲ್ಲಿನ ಫೋನು ಬಂದ ದಿನ ನಾನು ಅವಳನ್ನು ಹಾಗೇ ಕೇಳಿದ್ದೆ: ಬಳೆ ಎಷ್ಟು ದಪ್ಪ ಇತ್ತು?

ಆಮೇಲೆ ಇಪ್ಪತ್ತು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಮೆಟ್ಟಿಲ ಮೇಲೆ ಒಂಬತ್ತು ಸಲ ಎದುರಾದಳು, ಒಂಬತ್ತು ಸಲವೂ ಗೋಡೆಯ ಕಡೆ ಸರಿದು ನಿಂತು ದಾರಿ ಬಿಟ್ಟಳು. ನಾನು ‘ತಪ್ಪಾಯ್ತು’ ಎಂದು ಮೂರು ಸಲ ಬರೆದು ಕಳಿಸಿದೆ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಅಜ್ಜಿಗೆ ವಿಷಯ ಗೊತ್ತಾಗಿ, “ನೋಡದಿದ್ದರೆ ಒಳ್ಳೇದೇ ಆಯ್ತು ಬಿಡು, ಗ್ರಹಣ ಯಾರಾದ್ರೂ ನೋಡ್ತಾರಾ?” ಎಂದರು. ನನ್ನ ಪರವಾಗಿ ಮಾತಾಡಿದವರು ಅವರೊಬ್ಬರೇ. ಅದರಿಂದ ಸಮಾಧಾನ ಆಗಲಿಲ್ಲ.

ಮೇ 25, ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಬಾಗಿಲು ತಟ್ಟದೆ ನನ್ನ ಕೋಣೆಗೆ ಬಂದಳು.

“ನೋಟ್‌ಬುಕ್ ತಾ.”

“ಯಾವುದು?”

“ಗ್ರಹಣದ್ದು. ಪೆನ್ನೂ ತಾ.”

ಮಂಚದ ಮೇಲೆ ಕೂತು ಪುಟ ತೆರೆದಳು. ಐದು ಸಾಲನ್ನೂ ಓದಿದಳು. 2010ರ ಸಾಲಿನಲ್ಲಿ ‘ಅಡ್ಡಿ: ಅಜ್ಜಿ’ ಎಂಬುದನ್ನು ಕಂಡಾಗ ತುಟಿ ಒಂದಿಷ್ಟು ಅಲುಗಿತು. ಆಮೇಲೆ ಆರನೇ ಸಾಲು ಬರೆದಳು, ನಿಧಾನವಾಗಿ, ಕಾಲಂ ದಾಟದಂತೆ. ಮುಗಿಸಿ ನನ್ನ ಕಡೆ ತಿರುಗಿಸಿದಳು.

ತಾರೀಖು: 8-4-2024. ಸ್ಥಳ: ಡಲ್ಲಾಸ್. ಹೊತ್ತು: ಮಧ್ಯಾಹ್ನ 1.40, ಪೂರ್ಣ, 3 ನಿಮಿಷ 51 ಸೆಕೆಂಡು. ಕಂಡದ್ದು: ಏನೂ ಇಲ್ಲ. ಅಡ್ಡಿ: ಅಕ್ಕ.

“ಕಾಲಂ ತಪ್ಪಿಲ್ಲ ತಾನೆ?”

“ಇಲ್ಲ,” ಎಂದೆ.

“ಮುಂದಿನದು ಎಲ್ಲಿ?”

“2027, ಆಗಸ್ಟ್ ಎರಡು. ಈಜಿಪ್ಟಿನಲ್ಲಿ ಪೂರ್ಣ.”

“ಹೋಗೋದಾದ್ರೆ ಪಟ್ಟಿ ನಾನು ಬರೀತೀನಿ. ನೀನು ಪಾಲಿಸು. ನಂಬರು ಎಷ್ಟಿದ್ರೆ ಅಷ್ಟು.” ಪೆನ್ನಿಗೆ ಕ್ಯಾಪು ಹಾಕದೆ ಹಾಸಿಗೆಯ ಮೇಲೇ ಬಿಟ್ಟು ಎದ್ದು ಹೋದಳು.

ಆ ಸಾಲನ್ನು ನಾನು ಅಳಿಸಿಲ್ಲ, ತಿದ್ದಿಲ್ಲ. ಪುಟದಲ್ಲಿ ಈಗ ಆರು ಸಾಲು ಇವೆ. ‘ಪೂರ್ಣ’ ಎಂಬ ಪದ ಇರುವುದು ಅವಳ ಸಾಲಿನಲ್ಲಿ ಮಾತ್ರ. ನೋಟ್‌ಬುಕ್ ತೆರೆದಾಗಲೆಲ್ಲ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಅವಳ ಅಕ್ಷರವೂ ನನ್ನದಕ್ಕಿಂತ ದುಂಡಗಿದೆ.